ಸಾಹೇಬರಿಗೆ ಸಿಕ್ಕ ಮಡಚುವ ಮೇಜು

ಪಿಂಚಣಿ ಮಂಜೂರು ಮಾಡಲು ಸಾಹೇಬರು ಊರಿನ ದೇವಸ್ಥಾನಕ್ಕೆ ಬಂದಿದ್ದರು. ಅಜ್ಜಿಯರು ಬೆಳಗಿನಿಂದ ಕಾದಿದ್ದರು. ಸಾಹೇಬರೋ ಒಂದು ಕಡೆ ನಿಲ್ಲದೆ ಜೀಪಿನ ಕಡೆಗೇ ನೋಡುತ್ತಿದ್ದರು.

"ಲ್ಯಾಪ್‌ಟಾಪ್ ತೊಡೆ ಮೇಲಿಟ್ಟರೆ ಸುಡುತ್ತೆ. ಮಡಚೋ ಮೇಜು ತಾ. ಹಗುರ ಇರಬೇಕು, ಅಗ್ಗ ಇರಬೇಕು. ಈಗಲೇ ಸಿಗದಿದ್ದರೆ ನಾನು ಹೊರಟೆ," ಎಂದರು ಜವಾನನಿಗೆ. ಆ ಊರಲ್ಲಿ ಮೇಜಿನ ಅಂಗಡಿಯೇ ಇಲ್ಲವೆಂದು ಅವರಿಗೆ ಗೊತ್ತಿತ್ತು.

ಜವಾನ ಒಳಗಿನಿಂದ, ಪುರಾಣ ಓದುವವರು ಪುಸ್ತಕ ಇಡುವ ವ್ಯಾಸಪೀಠ ತಂದು ಬಿಡಿಸಿದ. ತೆರೆದ ಪುಸ್ತಕದ ಹಾಗೆ ಲ್ಯಾಪ್‌ಟಾಪ್ ಅದರೊಳಗೆ ಕೂತಿತು. "ಹಗುರ ಇದೆ, ಮಡಚುತ್ತೆ, ದುಡ್ಡೂ ಬೇಡ ಸಾರ್."

ಬೇರೆ ದಾರಿಯಿಲ್ಲದೆ ಸಾಹೇಬರು ಚಕ್ಕಳಮಕ್ಕಳ ಹಾಕಿ ಕೂತರು. ಅಜ್ಜಿಯರೆಲ್ಲ ಸೆರಗು ಹೊದ್ದು, ಕೈಮುಗಿದು ಎದುರಿಗೆ ಕೂತರು. ಇಬ್ಬರು ಅಜ್ಜಿಯರ ಕೆಲಸ ಮುಗಿಯುತ್ತಲೇ ಸಾಹೇಬರು ಏಳಲು ಹೋದರು.

"ಪೀಠಕ್ಕೆ ಕೂತೋರು ಮಂಗಳ ಹಾಡೋ ತನಕ ಏಳಬಾರದು ಸ್ವಾಮಿ, ಊರಿಗೆ ಕೇಡು," ಎಂದಳು ಮುಂದಿದ್ದ ಅಜ್ಜಿ. ಉಳಿದವರೆಲ್ಲ ತಲೆಯಾಡಿಸಿದರು.

ಸಾಹೇಬರು ಮತ್ತೆ ಕೂತು ಜವಾನನನ್ನು ದುರುಗುಟ್ಟಿ ನೋಡಿದರು. "ಆ ಮಂಗಳ ಹಾಡೋರು ಯಾರಯ್ಯಾ? ಬೇಗ ಕರಿ."

ಜವಾನ ಸಾಲಿನ ಕಟ್ಟಕಡೆಯಲ್ಲಿ ಕೂತಿದ್ದ ಅಜ್ಜಿಯನ್ನು ತೋರಿಸಿದ.

"ಅವರೇ ಸಾರ್. ಅವರ ಪಿಂಚಣಿ ಆದ ಮೇಲೆ ಹಾಡ್ತಾರಂತೆ."