ಸುತ್ತು ಹಾಕದ ತಪ್ಪು

"ಅವ್ವಾ, ನಾಲ್ಕು ಜನರ ಒಳಿತಿಗಾಗಿ ಗೆಳೆಯನಿಗೆ ಒಂದು ಸುಳ್ಳು ಹೇಳಿದರೆ ತಪ್ಪೇ?" ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಮಠದ ಚನ್ನಬಸವ್ವನವರು ಅವನ ಮುಖವನ್ನೊಮ್ಮೆ ನೋಡಿದರು. "ಹೇಳಿಯೇ ಬಂದಿದ್ದೀ. ಈಗ ನನ್ನ ಒಪ್ಪಿಗೆ ಬೇಕಾಗಿದೆ. ಇರಲಿ, ಕೂಡು" ಎಂದು ಈ ಕತೆ ಹೇಳಿದರು.

ಹೊಳೆಯ ಎರಡು ದಡಕ್ಕೆ ಎರಡು ದೇಶ. ಈಚೆ ದಡದಲ್ಲೊಬ್ಬ ವಿಜ್ಞಾನಿ, ಆಚೆ ದಡದಲ್ಲೊಬ್ಬ ವಿಜ್ಞಾನಿ. ಒಬ್ಬನೇ ಗುರುವಿನ ಹತ್ತಿರ ಕಲಿತವರು, ಒಂದೇ ತಟ್ಟೆಯಲ್ಲಿ ಉಂಡವರು. ಒಬ್ಬಳೇ ಹುಡುಗಿಯ ಮೇಲೆ ಇಬ್ಬರೂ ಕಣ್ಣಿಟ್ಟಿದ್ದರಂತೆ. ಇವರು ಕಾಗದದ ಮೇಲೆ ಅಣು ಒಡೆಯುತ್ತ ಕೂತಿರುವಾಗ ಅವಳು ಬಳೆ ಮಾರುವವನ ಹಿಂದೆ ಹೋದಳಂತೆ. ಅದಕ್ಕೂ ಅವರ ಸ್ನೇಹ ಮುರಿಯಲಿಲ್ಲ.

ಅವರಲ್ಲೊಂದು ರೂಢಿ ಇತ್ತು. ಒಬ್ಬ ಯಾವ ಲೆಕ್ಕ ಬಿಡಿಸಿದರೂ ಲೋಕಕ್ಕೆ ತೋರಿಸುವ ಮೊದಲು ಇನ್ನೊಬ್ಬನಿಗೆ ಕಳಿಸಬೇಕು. ಅವನು ತಪ್ಪು ಹುಡುಕಿ, ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲೊಂದು ಬೈಗುಳ ಬರೆದು ಹಿಂದಕ್ಕೆ ಕಳಿಸಬೇಕು. ಈಚೆಯವನಂತೂ ಈ ಕೆಲಸದಲ್ಲಿ ಪಿಶಾಚಿ. ಗೆಳೆಯನ ಮದುವೆಯ ಕರೆಯೋಲೆಯಲ್ಲಿ ತಿಥಿ ತಪ್ಪಿತ್ತು. ಅದಕ್ಕೂ ಸುತ್ತು ಹಾಕಿ ನೇರ ಹೆಣ್ಣಿನ ಮನೆಗೇ ಕಳಿಸಿದ್ದ. ಗೆಳೆಯನ ಮಾವನಾಗುವವನು ಚಪ್ಪರದಲ್ಲೇ ಇವನ ಕುತ್ತಿಗೆಪಟ್ಟಿ ಹಿಡಿದದ್ದು ಎರಡು ದೇಶಕ್ಕೂ ಗೊತ್ತು.

ಆಮೇಲೆ ದೊರೆಗಳಿಗೆ ಜಗಳ ಬಂತು. ಯಾಕೆ ಬಂತೆಂದು ದೊರೆಗಳಿಗೇ ನೆನಪಿಲ್ಲ. ಯುದ್ಧ ಹತ್ತಿತು, ಟಪಾಲು ನಿಂತಿತು. ಅಣು ಒಡೆದರೆ ಊರು ಸುಡುವಷ್ಟು ಬೆಂಕಿ ಹುಟ್ಟುತ್ತದೆ ಎಂಬ ಸುದ್ದಿ ಮಾತ್ರ ಎರಡು ಅರಮನೆಗೂ ಮುಟ್ಟಿತು. ಈಚೆಯ ದೊರೆ ಈಚೆಯವನನ್ನು ಕರೆಸಿ, ಎತ್ತರದ ಗೋಡೆಯೊಳಗೆ ಕೆಲಸಕ್ಕೆ ಕೂರಿಸಿ, ಬಾಂಬು ಮಾಡು ಎಂದ. ಅವನಿಗೆ ಮನಸ್ಸಿರಲಿಲ್ಲ. ಆದರೆ ಆಚೆಯವರು ಮೊದಲು ಮಾಡಿಬಿಟ್ಟರೆ? ಊರಲ್ಲಿ ಹೆಂಡತಿ ಇದ್ದಾಳೆ, ಆರು ವರ್ಷದ ಮಗಳಿದ್ದಾಳೆ. ಹೆದರಿಕೊಂಡೇ ಲೆಕ್ಕ ಹಾಕಿದ. ತೆಂಗಿನಕಾಯಿ ಗಾತ್ರದ ಲೋಹ ಸಾಕು ಎಂದು ಗೊತ್ತಾಯಿತು.

ಸೆರೆಯಾಳುಗಳ ಅದಲುಬದಲಿಗೆಂದು ಮೂರು ದಿನ ಯುದ್ಧ ನಿಂತಾಗ ಈಚೆಯವನಿಗೂ ಮನೆಗೆ ಹೋಗಲು ಬಿಡುವು ಸಿಕ್ಕಿತು. ಆಗಲೇ ಆಚೆಯವನು ಹೊಳೆ ದಾಟಿ ಅವನ ಮನೆಗೆ ಬಂದ. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಈಚೆಯವನ ಹೆಂಡತಿ ಬಾಯಿಬಡಕಿ, ಬಾಗಿಲಲ್ಲೇ ಕೇಳಿದಳು: "ಏನಣ್ಣಾ, ನಮ್ಮನ್ನು ನೋಡೋದಕ್ಕೆ ಬಂದೆಯೋ, ನಮ್ಮ ಕೋಟೆ ಅಳೆಯೋದಕ್ಕೆ ಬಂದೆಯೋ?"

"ನಿನ್ನ ಕೈಯ ಸಾರು ತಿಂದು ಬದುಕಿದವನಮ್ಮ ನಾನು, ಇನ್ನು ಯಾವ ಕೋಟೆಗೆ ಹೆದರಲಿ?" ಎಂದ. ಅವಳು ನಕ್ಕು ಎಲೆ ಹಾಕಿದಳು.

ಉಂಡಾದ ಮೇಲೆ ಅವನು ಜೇಬಿನಿಂದ ಒಂದು ಹಾಳೆ ತೆಗೆದು ಗೆಳೆಯನ ಮುಂದಿಟ್ಟ. ಅದೇ ಲೆಕ್ಕ. ಆದರೆ ಉತ್ತರದಲ್ಲಿ ಗುಡ್ಡದಷ್ಟು ಲೋಹ ಬೇಕೆಂದು ಬಂದಿತ್ತು. ಮೂರನೆಯ ಸಾಲಿನಲ್ಲೇ ತಪ್ಪು. ಭಾಗಿಸಬೇಕಾದಲ್ಲಿ ಗುಣಿಸಿದ್ದ.

ಈಚೆಯವನ ಕೈ ತಾನಾಗಿಯೇ ಕೆಂಪು ಲೇಖನಿಯ ಕಡೆ ಹೋಯಿತು. ಹೋದ ಕೈಯನ್ನು ಹಿಂದಕ್ಕೆಳೆದುಕೊಂಡ. ಒಳಮನೆಯಲ್ಲಿ ಮಗಳು ಹಾಡಿಕೊಳ್ಳುತ್ತಿದ್ದಳು. ಈ ಒಂದು ಸುತ್ತು ಹಾಕಿದರೆ ಆಚೆಯವರ ಕೈಗೆ ಬಾಂಬು ಬರುತ್ತದೆ, ಹಾಕದಿದ್ದರೆ ತನ್ನ ಊರು ಉಳಿಯುತ್ತದೆ ಎಂದುಕೊಂಡ.

"ಸರಿಯಾಗಿದೆ. ಇದು ಮನುಷ್ಯರಿಂದ ಆಗುವ ಕೆಲಸವಲ್ಲ, ಬಿಟ್ಟುಬಿಡು" ಎಂದ.

"ಒಂದೂ ತಪ್ಪಿಲ್ಲವೇ?"

"ಒಂದೂ ಇಲ್ಲ."

ಆಚೆಯವನು ಹಾಳೆ ಮಡಿಸಿಕೊಂಡ. ಎಲೆಅಡಿಕೆಯನ್ನೂ ಮುಟ್ಟದೆ ಎದ್ದು ಹೋದ.

ಈಚೆಯವನು ಬೀಗಿದ್ದೇ ಬೀಗಿದ್ದು. ಓಡಿಹೋಗಿ ದೊರೆಗೆ ಹೇಳಿದ. ದೊರೆ ಶಾಲು ಹೊದಿಸಿದ. ಗೆಳೆಯನನ್ನು ಏಮಾರಿಸಿದ್ದಕ್ಕೆ ಶಾಲು! ಆಚೆಯವರು ಇನ್ನೂ ಗುಡ್ಡ ಅಗೆಯುತ್ತಿದ್ದಾರೆಂದು ನಂಬಿ ಇವರು ಕೆಲಸ ನಿಧಾನ ಮಾಡಿದರು.

ಎರಡು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ಈಚೆಯ ಊರಿನ ಮೇಲೆ ಬಾಂಬು ಬಿತ್ತು. ಗೋಡೆಯೊಳಗಿದ್ದ ಅವನು ಉಳಿದ. ಅವನ ಹೆಂಡತಿ, ಮಗಳು ಬೂದಿಯಲ್ಲೂ ಸಿಗಲಿಲ್ಲ. ಅವನು ಹಲ್ಲು ಕಚ್ಚಿ ತನ್ನ ಬಾಂಬು ಮುಗಿಸಿದ. ಅದು ಆಚೆಯ ಊರಿನ ಮೇಲೆ ಬಿತ್ತು. ಆಗ ದೊರೆಗಳಿಬ್ಬರೂ ರತ್ನಗಂಬಳಿಯ ಮೇಲೆ ಕೂತು ರಾಜಿಯಾದರು.

ರಾಜಿಯ ಸಭೆಯ ಹೊರಗೆ ಗೆಳೆಯರಿಬ್ಬರೂ ಎದುರಾದರು. ಆಚೆಯವನಿಗೂ ಮನೆ ಎಂಬುದು ಉಳಿದಿರಲಿಲ್ಲ.

"ತಪ್ಪು ಲೆಕ್ಕದಿಂದ ಬಾಂಬು ಹೇಗೆ ಮಾಡಿದೆ?" ಎಂದು ಈಚೆಯವನು ಕೇಳಿದ.

"ಆ ತಪ್ಪನ್ನು ಬೇಕೆಂದೇ ಬರೆದಿದ್ದೆ ಕಣೋ. ನೀನು ಅದನ್ನು ತೋರಿಸಿ ಬೈದಿದ್ದರೆ ಇವನ ಹೊಟ್ಟೆಯಲ್ಲಿ ಏನೂ ಇಲ್ಲ, ಇವರು ಬಾಂಬು ಮಾಡುತ್ತಿಲ್ಲ ಎಂದು ತಿಳಿಯುತ್ತಿದ್ದೆ. ಅದೇ ಸುಳ್ಳು ಲೆಕ್ಕವನ್ನು ನಮ್ಮ ದೊರೆಗೆ ತೋರಿಸಿ, ಆಗದ ಕೆಲಸವೆಂದು ಕೈ ತೊಳೆದುಕೊಳ್ಳುತ್ತಿದ್ದೆ. ಮೂವತ್ತು ವರ್ಷ ನನ್ನದೊಂದು ತಪ್ಪನ್ನೂ ಬಿಡದವನು ಅವತ್ತು ಸರಿಯಾಗಿದೆ ಎಂದೆ. ನೀವು ಮಾಡುತ್ತಿದ್ದೀರಿ ಎಂದು ಗೊತ್ತಾಯಿತು. ಹೋಗಿ ನಾನೂ ಶುರು ಮಾಡಿದೆ."

ಅವ್ವನವರು ಕತೆ ನಿಲ್ಲಿಸಿದರು.

"ಹಾಗಾದರೆ ಹೇಳಲೇಬಾರದೇ ಅವ್ವಾ?" ಎಂದ ಮುರಿಗೆಪ್ಪ.

"ಧಾರಾಳವಾಗಿ ಹೇಳು ಮಗನೇ, ನಿನ್ನನ್ನು ಅರಿಯದ ಗೆಳೆಯ ಎಲ್ಲಾದರೂ ಸಿಕ್ಕರೆ."