ಬಾಯ್ಲರಿನೊಳಗೆ ಕೂತ ತಮ್ಮ

ಹತ್ತಿರ ಬನ್ನಿ ಮಕ್ಕಳೇ, ಗಲಾಟೆ ಬೇಡ. ಇದು ನಗಿಸುವ ಕತೆಯಲ್ಲ.

ಕಡಲ ದಂಡೆಯ ಒಂದು ರಾಜ್ಯದಲ್ಲಿ ಗುರುಪಾದಾಚಾರಿ ಅಂತ ಒಬ್ಬ ಕಮ್ಮಾರನಿದ್ದ. ನೀರು ಕಾಯಿಸಿ, ಅದರ ಉಗಿಯಿಂದ ಯಂತ್ರ ಓಡಿಸುವ ವಿದ್ಯೆ ಆ ಸೀಮೆಗೆಲ್ಲ ಅವನೊಬ್ಬನಿಗೇ ಗೊತ್ತಿತ್ತು. ಉಗಿ ತುಂಬುವ ಬಾಯ್ಲರು ಅಂದರೆ ಆನೆಯಷ್ಟು ದೊಡ್ಡ ಕಬ್ಬಿಣದ ಹಂಡೆ. ತಗಡಿಗೆ ತಗಡು ಸೇರಿಸಿ ಕಾದ ಮೊಳೆ ಬಡಿಯಬೇಕು. ಹೊರಗೊಬ್ಬ ಸುತ್ತಿಗೆ ಹೊಡೆದರೆ, ಒಳಗೊಬ್ಬ ಕೂತು ಮೊಳೆಗೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಹೊಡೆಯುವವನು ಅಣ್ಣ. ಒಳಗೆ ಕೂರುವವನು ತಮ್ಮ ಕಾಳಪ್ಪ. ಆ ಸದ್ದು ಏನೆಂದು ಒಳಗಿದ್ದವನಿಗೇ ಗೊತ್ತು.

ಮೊದಲ ಯಂತ್ರ ಕೆರೆಯ ನೀರೆತ್ತಿತು. ಊರೆಲ್ಲ ಕುಣಿಯಿತು.

"ಅಣ್ಣಾ, ಕಿವೀಲಿ ಜೀರುಂಡೆ ಕೂಗ್ತಿದೆ" ಅಂದ ಕಾಳಪ್ಪ.

"ನಾಳೆ ಹೋಗುತ್ತೆ ಬಿಡೋ."

ಎರಡನೆಯದು ಎಣ್ಣೆಗಾಣ ತಿರುಗಿಸಿತು. ಗುರುಪಾದಾಚಾರಿ ಕಾರ್ಖಾನೆ ಕಟ್ಟಿದ, ಪೇಟ ಸುತ್ತಿದ, ಸುತ್ತಿಗೆಯನ್ನು ಆಳುಗಳ ಕೈಗೆ ಕೊಟ್ಟ. ಒಳಗೆ ಕೂರಲು ಮಾತ್ರ ತಮ್ಮನೇ. ಅವನಷ್ಟು ಬಿಗಿಯಾಗಿ ಹಿಡಿಯುವವರು ಬೇರೆ ಇರಲಿಲ್ಲ ನೋಡಿ.

"ಅಣ್ಣಾ, ಎಡಗಿವಿ ಹೋಗೇಬಿಡ್ತು. ಬಲಗಿವೀಲಿ ಏನೋ ಇಷ್ಟಿಷ್ಟು ಕೇಳುತ್ತೆ."

"ಇಷ್ಟಿಷ್ಟು ಸಾಲದೇನೋ!" ಅಂದ ಅಣ್ಣ. ಅಂದು ನಕ್ಕ ಕೂಡ. ಅಯ್ಯೋ, ನಗಬಾರದಿತ್ತು.

ಮೂರನೆಯದು ರಾಜನ ಹಡಗಿಗೆ. ಆಗ ಕಾಳಪ್ಪನ ಹೆಂಡತಿ ಬಂದಳು, ತುಂಬಿದ ಬಸುರಿ.

"ಭಾವಾ, ದಮ್ಮಯ್ಯ. ಹುಟ್ಟೋ ಕೂಸಿನ ದನಿ ಅವರು ಕೇಳಬೇಕು. ಸರದಿ ಮಾಡಿ. ದಿನ ಬಿಟ್ಟು ದಿನ ಒಳಗೆ ನೀವು ಕೂತ್ಕೊಳ್ಳಿ."

"ಧಣಿಯೇ ಒಳಗೆ ಕೂತರೆ ಕಾರ್ಖಾನೆ ನೋಡೋರು ಯಾರಮ್ಮಾ? ರಾಜರಿಗೆ ಮಾತು ಕೊಟ್ಟಿದ್ದೀನಿ."

ಕಾಳಪ್ಪನೇ ಕೂತ. ಒಂದು ದಿನವಲ್ಲ, ಇಪ್ಪತ್ತು ದಿನ.

ಹಡಗು ಓಡಿತು. ರಾಜ ತುಂಬಿದ ಸಭೆಯಲ್ಲಿ ಗುರುಪಾದಾಚಾರಿಗೆ ಶಾಲು ಹೊದಿಸಿದ. ಅವನು ಅಲ್ಲಿಂದ ನೇರ ತಮ್ಮನ ಮನೆಗೆ ಹೋದ. ತೊಟ್ಟಿಲಲ್ಲಿ ಕೂಸು ಕಿರುಚಿ ಕಿರುಚಿ ಅಳುತ್ತಿತ್ತು. ತಾಯಿ ನೀರಿಗೆ ಹೋಗಿದ್ದಳು. ಕಾಳಪ್ಪ ತೊಟ್ಟಿಲಿಗೆ ಬೆನ್ನು ಹಾಕಿ, ನೆಮ್ಮದಿಯಾಗಿ ಅವರೆಕಾಯಿ ಸುಲಿಯುತ್ತಿದ್ದ.

ಅಣ್ಣನ ಎದೆ ಒಡೆಯಿತು. ಕೂಸನ್ನೆತ್ತಿಕೊಂಡು ತಮ್ಮನ ಎದುರು ಕೂತ.

"ತಪ್ಪಾಯ್ತು ಕಣೋ" ಅಂದ. ತಮ್ಮ ನಕ್ಕ. ಇನ್ನೂ ಜೋರಾಗಿ ಅಂದ. ತಮ್ಮ ಸುಮ್ಮನೆ ತಲೆಯಾಡಿಸಿದ. ಮೂರನೆಯ ಸಲ ಬೀದಿಗೆಲ್ಲ ಕೇಳುವಂತೆ ಕೂಗಿದ, ಬಾಗಿಲಿಗೆ ಜನ ಬಂದು ನಿಂತರು.

ಕಾಳಪ್ಪ ಮೊರ ಬದಿಗಿಟ್ಟ.

"ಹಡಗು ಓಡ್ತಾ ಅಣ್ಣಾ? ಒಳ್ಳೇದಾಯ್ತು. ನನ್ನ ಮಗಳ ದನಿ ಹೇಗಿದೆ, ನೀನಾದರೂ ಹೇಳು."

ಹೇಗೆ ಹೇಳುತ್ತಾನೆ, ಮಕ್ಕಳೇ? ಜೊತೆಯವನು ನೋವು ಅಂದಾಗಲೇ ಕೆಲಸ ನಿಲ್ಲಿಸಬೇಕು. ಕೆಲಸ ಮುಗಿಸಿ ಬಂದು ಹೇಳಿದ "ತಪ್ಪಾಯ್ತು" ಅವನಿಗೆ ಮುಟ್ಟುವುದಿಲ್ಲ.