ನಂಬಿಕಸ್ಥರ ಸಾಲು

ಈ ಗೂಡಿನ ಬಾಗಿಲಿಗೆ ಏನೋ ಒಂದು ಹೆಸರಿದೆ. ಮುದಿ ಜೇನಿಗೆ ನಾಲಿಗೆ ತುದಿಯಲ್ಲೇ ಇದೆ, ಬರುತ್ತಿಲ್ಲ. ಅವಳು ಹುಟ್ಟಿದ ದೂರದ ಗೂಡಿನಲ್ಲಿ ಇದನ್ನು ಸುಂಕದ ಕಟ್ಟೆ ಎನ್ನುತ್ತಿದ್ದರು. ಗಾಳಿಗೆ ಸಿಕ್ಕಿ ಇಲ್ಲಿಗೆ ಬಂದ ದಿನ ಅವಳ ಹೊಟ್ಟೆ ತುಂಬ ಮಕರಂದವಿತ್ತು. ಕಾವಲಿನವರು ಕೂಡಲೇ ನಂಬಿಕಸ್ಥರ ಸಾಲಿಗೆ ಸೇರಿಸಿಕೊಂಡರು. ಆಮೇಲೆ ಯಾರೂ ಅವಳನ್ನು ತಡೆದು ಮೂಸಿರಲಿಲ್ಲ.

ಇಂದು ಸಂಜೆ ಬರಿಹೊಟ್ಟೆಯಲ್ಲಿ ಬಂದಳು. ಕಾವಲಿಗಿದ್ದ, ಮೊಮ್ಮಗಳ ವಯಸ್ಸಿನ ಜೇನು ಕಾಲು ಅಡ್ಡ ಇಟ್ಟಳು.

"ಅಜ್ಜಿ, ಮೂಸಿ ನೋಡಿ ಬಿಡುವ ಆ ಉದ್ದದ ಸಾಲಿಗೆ ಹೋಗಿ."

"ನಿನ್ನೆ ನಮಸ್ಕಾರ ಹೇಳಿ ಒಳಗೆ ಬಿಟ್ಟೆಯಲ್ಲೇ?"

"ನಿನ್ನೆ ತುಂಬಿಕೊಂಡು ಬಂದಿದ್ದಿರಿ."

ಅಷ್ಟರಲ್ಲಿ ಪಕ್ಕದ ಗೂಡನ್ನು ದೋಚಿ ಬಂದ ಅಪರಿಚಿತಳೊಬ್ಬಳು, ಹೊಟ್ಟೆ ಬಿರಿಯುವಷ್ಟು ತುಂಬಿಕೊಂಡು, ನಮಸ್ಕಾರ ಹೇಳಿಸಿಕೊಂಡು ಒಳಗೆ ಹೋದಳು.

ಉದ್ದದ ಸಾಲು ಕರಗುವ ಮೊದಲೇ ಕತ್ತಲಾಗುತ್ತದೆ. ರಾತ್ರಿಯ ಚಳಿಯನ್ನು ಮುದಿ ರೆಕ್ಕೆ ತಡೆಯುವುದಿಲ್ಲ.

"ಹೊಳೆಯಾಚೆ ಹೊಂಗೆ ತೋಪು ನಾಳೆ ಅರಳುತ್ತದೆ. ಅದನ್ನು ಹುಡುಕುವುದರಲ್ಲೇ ಹೊತ್ತಾಯಿತು," ಎಂದಳು ಮುದಿ ಜೇನು.

"ಬಾಗಿಲ ಪಟ್ಟಿಯಲ್ಲಿ ಅದನ್ನು ಬರೆಯಲು ಜಾಗವಿಲ್ಲ ಅಜ್ಜಿ. ಮಕರಂದ, ಪರಾಗ, ಅಷ್ಟೇ."

"ಸರಿ, ನಾನು ಸಾಲಿಗೆ ಹೋಗುತ್ತೇನೆ. ದಾರಿ ಹೇಳುತ್ತೇನೆ, ನಿನ್ನ ರೆಕ್ಕೆಯ ಮೇಲಾದರೂ ಬರೆದುಕೋ ಮಗಳೇ. ಅದಾದರೂ ಕತ್ತಲಾಗುವ ಮುಂಚೆ ಒಳಗೆ ಹೋಗಲಿ."